ಕೋಲ್ಡ್ ಸ್ಟೋರೇಜಿನ ಖಾಲಿ ಜಾಗ ಮತ್ತು ಸೆಷನ್ ಲಿಸನರ್: ಒಂದು ದುರಸ್ತಿಯ ದಾಖಲೆ

ವಿಜಯಪುರದಿಂದ ಟಿಕೋಟಾ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಂದು ಕೋಲ್ಡ್ ಸ್ಟೋರೇಜಿನ ದಾಸ್ತಾನು ತಂತ್ರಾಂಶವನ್ನು ನಾನು ಎರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕಟಾವು ಮುಗಿದು ಶೆಡ್ಡುಗಳಲ್ಲಿ ಒಣಗಿದ ದ್ರಾಕ್ಷಿಯನ್ನು ರೈತರು 15 ಕೆಜಿಯ ಬಾಕ್ಸ್‌ಗಳಲ್ಲಿ ತುಂಬಿಸಿ ಇಲ್ಲಿಗೆ ತರುತ್ತಾರೆ. ತಾಸಗಾಂವ, ಸಾಂಗಲಿ, ವಿಜಯಪುರದ ಮಾರುಕಟ್ಟೆಗಳಲ್ಲಿ ದರ ಏರುವ ತನಕ ಮಾಲು ನಾಲ್ಕು ಚೇಂಬರ್‌ಗಳಲ್ಲಿ ಕುಳಿತಿರುತ್ತದೆ. ತಂತ್ರಾಂಶ ದೊಡ್ಡದೇನಲ್ಲ. ಜಾವಾ 11, ಅದರ ವೆಬ್ ತಂತ್ರಾಂಶವನ್ನು ಓಡಿಸುವ ಸರ್ವರ್ ಟಾಮ್‌ಕ್ಯಾಟ್ 9, ಬ್ರೌಸರಿನ ವಿನಂತಿಗಳಿಗೆ ಉತ್ತರಿಸುವ ಒಂದಿಷ್ಟು ಸರ್ವ್ಲೆಟ್ (ಜಾವಾ ಕ್ಲಾಸುಗಳು) ಮತ್ತು ಜೆಎಸ್‌ಪಿ ಪುಟಗಳು, ಹಿಂದೆ ಮಾರಿಯಾಡಿಬಿ ಡೇಟಾಬೇಸ್. ಅದನ್ನು ಬಳಸುವವರು ಎರಡು ಕೌಂಟರಿನ ಇಬ್ಬರು ಗುಮಾಸ್ತರು ಮತ್ತು ಮ್ಯಾನೇಜರು.

ಈ ವರ್ಷ ಮಾರ್ಚ್ ಮೂರನೆಯ ವಾರದ ಒಂದು ಸಂಜೆ ನನಗೆ ಫೋನ್ ಬಂತು. ಗೇಟಿನಲ್ಲಿ ಎರಡು ಟ್ರ್ಯಾಕ್ಟರ್ ನಿಂತಿದ್ದವು. ಮೂರನೆಯ ಚೇಂಬರಿನಲ್ಲಿ ಸಾಲುಸಾಲು ರ‍್ಯಾಕ್‌ಗಳು ಬರಿದಾಗಿದ್ದರೂ ಪರದೆ ಮಾತ್ರ ಆ ಚೇಂಬರ್ ಭರ್ತಿಯಾಗಿದೆ ಎಂದು ತೋರಿಸುತ್ತಿತ್ತು. ನಾನು ಅಲ್ಲಿಗೆ ತಲುಪಿದಾಗ ಮಾಲು ತಂದಿದ್ದ ಹಿರಿಯರೊಬ್ಬರು, "ಜಾಗ ಖಾಲಿ ಐತ್ರಿ, ನಾನ ಒಳಗ ಹೋಗಿ ನೋಡೇನಿ. ನಿಮ್ಮ ಕಂಪ್ಯೂಟರ್‌ದಾಗ ಯಾರ್ ಬಂದು ಕುಂತಾರ್ರಿ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಹಾಗೆಯೇ ಬರೆದಿಟ್ಟುಕೊಂಡೆ, ಏಕೆಂದರೆ ದೋಷದ ಸರಿಯಾದ ವಿವರಣೆ ಅದೇ ಆಗಿತ್ತು: ಎದ್ದು ಹೋದವರ ಹೆಸರಿನಲ್ಲಿ ಜಾಗ ಹಿಡಿದಿಟ್ಟಿತ್ತು.

ಗುಮಾಸ್ತರು ಆವಕ ಫಾರ್ಮ್ ತೆರೆದು ಬಾಕ್ಸ್‌ಗಳ ಸಂಖ್ಯೆಯನ್ನು ನಮೂದಿಸಿದ ಕೂಡಲೇ, ತೂಕ ಮುಗಿಯುವ ತನಕ ಅಷ್ಟು ಜಾಗವನ್ನು ಇನ್ನೊಂದು ಕೌಂಟರಿನವರು ಬೇರೆಯವರಿಗೆ ಕೊಡದಂತೆ ತಂತ್ರಾಂಶ ಅದನ್ನು ಹೋಲ್ಡ್ ಮಾಡುತ್ತದೆ. ಜಾಗದ ಲೆಕ್ಕವಿಡುವ ಒಂದು ಘಟಕ ಸರ್ವರಿನ ಮೆಮೊರಿಯಲ್ಲಿತ್ತು. ಒಂದು ಬ್ರೌಸರಿನ ಭೇಟಿಯನ್ನು ಸರ್ವರ್ ನೆನಪಿಟ್ಟುಕೊಳ್ಳುವ ದಾಖಲೆಯೇ ಸೆಷನ್. ಅದರ ಐಡಿ ಒಂದು ಕಡೆ, ಹೋಲ್ಡ್ ಮಾಡಿದ ಬಾಕ್ಸ್‌ಗಳ ಸಂಖ್ಯೆ ಇನ್ನೊಂದು ಕಡೆ, ಹೀಗೆ ಒಂದು ಮ್ಯಾಪ್. ಫಾರ್ಮ್ ಸೇವ್ ಮಾಡಿದರೆ ಮಾತ್ರ ಹೋಲ್ಡ್ ಬಿಡುಗಡೆಯಾಗುತ್ತಿತ್ತು. ರೈತರು ಮನಸ್ಸು ಬದಲಿಸಿ ಮಾಲು ಮರಳಿ ಒಯ್ದಾಗ, ಗುಮಾಸ್ತರು ಬ್ರೌಸರ್ ಮುಚ್ಚಿ ಊಟಕ್ಕೆ ಎದ್ದಾಗ ಅದನ್ನು ಬಿಡಿಸುವವರೇ ಇರಲಿಲ್ಲ. ಬ್ರೌಸರಿನ ಟ್ಯಾಬ್ ಮುಚ್ಚಿದ್ದು ಸರ್ವರಿಗೆ ತಾನಾಗಿ ತಿಳಿಯುವುದಿಲ್ಲ. ದಿನವೂ ಬೆಳಿಗ್ಗೆ ಟಾಮ್‌ಕ್ಯಾಟನ್ನು ರೀಸ್ಟಾರ್ಟ್ ಮಾಡುವ ರೂಢಿ ಅಲ್ಲಿದ್ದುದರಿಂದ ಮ್ಯಾಪ್ ಖಾಲಿಯಾಗಿ, ತೊಂದರೆ ಇಷ್ಟು ದಿನ ಮುಚ್ಚಿಹೋಗಿತ್ತು. ಆವಕ ಹೆಚ್ಚಾದ ದಿನ ಅದು ಸಂಜೆಯೊಳಗೇ ಬಯಲಾಯಿತು.

ಸೆಷನ್ ಹುಟ್ಟುವ ಮತ್ತು ಮುಗಿಯುವ ಸುದ್ದಿಯನ್ನು ಪಡೆಯಲು ಸರ್ವ್ಲೆಟ್ ನಿರ್ದಿಷ್ಟತೆಯಲ್ಲಿ ಎಚ್‌ಟಿಟಿಪಿ‌ಸೆಷನ್‌ಲಿಸನರ್ ಎಂಬ ಇಂಟರ್‌ಫೇಸ್ ಇದೆ. ಅದನ್ನು ಪಾಲಿಸುವ ಕ್ಲಾಸನ್ನು ಲಿಸನರ್ ಎನ್ನುತ್ತೇವೆ; ಆ ಸುದ್ದಿ ಬಂದಾಗ ಅದರ ವಿಧಾನಗಳನ್ನು ಟಾಮ್‌ಕ್ಯಾಟ್ ಕರೆಯುತ್ತದೆ. ಈ ಇಂಟರ್‌ಫೇಸ್ ಬಂದದ್ದು 2001ರ 2.3 ಆವೃತ್ತಿಯಲ್ಲಿ. ಮೊದಲ ರೂಪದಲ್ಲಿ ಸೆಷನ್ ಮುಗಿದ ಮೇಲೆ ಸುದ್ದಿ ಬರುತ್ತಿತ್ತು, 2.4ರಿಂದ ಈಚೆಗೆ ಸೆಷನ್‌ಡಿಸ್ಟ್ರಾಯ್ಡ್ ವಿಧಾನವನ್ನು ಸೆಷನ್ ಮುಗಿಯುವ ಮುನ್ನವೇ ಕರೆಯಲಾಗುತ್ತದೆ, ಆದ್ದರಿಂದ ಅದರೊಳಗಿನ ಅಟ್ರಿಬ್ಯೂಟ್‌ಗಳನ್ನು (ಹೆಸರು ಕೊಟ್ಟು ಸೆಷನ್ನಿನಲ್ಲಿ ಇಟ್ಟ ಮಾಹಿತಿಯನ್ನು) ಆಗಲೂ ಓದಬಹುದು. 3.0 ಆವೃತ್ತಿಯಿಂದ ಈಚೆಗೆ ವೆಬ್ ಡಾಟ್ ಎಕ್ಸ್‌ಎಂಎಲ್ ಎಂಬ ಸೆಟ್ಟಿಂಗ್ ಫೈಲನ್ನು ಮುಟ್ಟದೆ, ಕ್ಲಾಸಿನ ಮೇಲೆ ವೆಬ್‌ಲಿಸನರ್ ಎಂಬ ಆ್ಯನೊಟೇಶನ್ ಬರೆದರೆ ಸಾಕು. ಅಂತಹ ಕ್ಲಾಸೊಂದನ್ನು ಬರೆದು, ಸೆಷನ್ ಮುಗಿದಾಗ ಆ ಐಡಿಯ ಹೋಲ್ಡನ್ನು ಬಿಡುಗಡೆ ಮಾಡುವಂತೆ ಹೇಳಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತೆಂದು ಭಾವಿಸಿದೆ.

ಪರೀಕ್ಷೆಗೆ ಲಾಗ್‌ಔಟ್ ಒತ್ತಿದಾಗ ಲಿಸನರ್ ಓಡಿತು, "ಬಿಡುಗಡೆ" ಎಂದು ಲಾಗ್‌ನಲ್ಲಿ ಬರೆಯಿತು. ಪರದೆಯ ಮೇಲಿನ ಅಂಕಿ ಮಾತ್ರ ಕದಲಲಿಲ್ಲ. ಕಾರಣ ಸರಳವಾಗಿತ್ತಾದರೂ ಕಣ್ಣಿಗೆ ಬೀಳಲು ಒಂದು ಗಂಟೆ ಹಿಡಿಯಿತು. ಹಳೆಯ ಕೋಡಿನಲ್ಲಿ ಆವಕದ ಸರ್ವ್ಲೆಟ್ ತನ್ನ ಇನಿಟ್ ವಿಧಾನದೊಳಗೆ ಜಾಗದ ಘಟಕವನ್ನು ತಾನೇ ಸೃಷ್ಟಿಸಿಕೊಂಡಿತ್ತು. ನಾನೂ ಲಿಸನರಿನಲ್ಲಿ ಇನ್ನೊಂದನ್ನು ಸೃಷ್ಟಿಸಿದ್ದೆ. ಹೀಗೆ ಎರಡು ಲೆಕ್ಕದ ಪುಸ್ತಕಗಳಾದವು. ಸರ್ವ್ಲೆಟ್ ಒಂದರಲ್ಲಿ ಬರೆಯುತ್ತಿತ್ತು, ಲಿಸನರ್ ಇನ್ನೊಂದರ ಖಾಲಿ ಹಾಳೆಯಲ್ಲಿ ಅಳಿಸುತ್ತಿತ್ತು.

ಲಿಸನರಿನ ಆಬ್ಜೆಕ್ಟನ್ನು ಕಟ್ಟುವುದು ಕಂಟೇನರ್ (ಇಲ್ಲಿ ಟಾಮ್‌ಕ್ಯಾಟ್), ನಾವಲ್ಲ. ಪೂರ್ಣ ಜಾವಾ ಇಇ ಸರ್ವರಿನಲ್ಲಾದರೆ ಇಂಜೆಕ್ಟ್ ಎಂದು ಬರೆದರೆ ಘಟಕ ತಾನಾಗಿ ಒದಗುತ್ತದೆ. ಸ್ಪ್ರಿಂಗ್ ಸೆಕ್ಯೂರಿಟಿ ಎಂಬ ಲೈಬ್ರರಿ ಇದ್ದರೆ ಅದರ ಎಚ್‌ಟಿಟಿಪಿ‌ಸೆಷನ್‌ಇವೆಂಟ್‌ಪಬ್ಲಿಷರ್ ಈ ಸುದ್ದಿಯನ್ನು ಸ್ಪ್ರಿಂಗಿನ ಘಟನೆಯಾಗಿ ಹಂಚುತ್ತದೆ. ಬರಿಯ ಟಾಮ್‌ಕ್ಯಾಟಿನಲ್ಲಿ ಆ ಎರಡೂ ಇಲ್ಲ. ಆದುದರಿಂದ ಸರ್ವ್ಲೆಟ್‌ಕಾಂಟೆಕ್ಸ್ಟ್‌ಲಿಸನರ್ ಒಂದನ್ನು ಬರೆದು, ಅಪ್ಲಿಕೇಶನ್ ಏಳುವಾಗ ಘಟಕವನ್ನು ಒಮ್ಮೆ ಮಾತ್ರ ಕಟ್ಟಿ, ಇಡೀ ಅಪ್ಲಿಕೇಶನ್ನಿಗೆ ಒಂದೇ ಆಗಿರುವ ಸರ್ವ್ಲೆಟ್ ಕಾಂಟೆಕ್ಸ್ಟಿನಲ್ಲಿ ಒಂದು ಹೆಸರಿನಡಿ ಇಟ್ಟೆ. ಸರ್ವ್ಲೆಟ್‌ಗಳೆಲ್ಲ ಅಲ್ಲಿಂದಲೇ ಅದನ್ನು ಪಡೆಯುತ್ತವೆ. ಲಿಸನರಿಗೆ ಬರುವ ಘಟನೆಯಿಂದ ಸೆಷನ್ನು, ಸೆಷನ್ನಿನಿಂದ ಕಾಂಟೆಕ್ಸ್ಟು, ಕಾಂಟೆಕ್ಸ್ಟಿನಿಂದ ಘಟಕ ಎಂಬ ದಾರಿ ಸದಾ ತೆರೆದಿರುವುದರಿಂದ ಸ್ಟ್ಯಾಟಿಕ್ ಚರದ ಅಗತ್ಯ ಬೀಳಲಿಲ್ಲ. ಲಾಗ್‌ಔಟ್ ಆದಾಗ ಅಂಕಿ ಇಳಿಯಿತು.

ಮರುದಿನ ಲಾಗ್‌ಔಟ್ ಮಾಡದೆ ಪುಟವನ್ನು ತೆರೆದೇ ಬಿಟ್ಟು ಕಾದೆ. ಸೆಷನ್ನಿನ ಅವಧಿ, ಅಂದರೆ ಬಳಕೆಯಿಲ್ಲದೆ ಅದು ಉಳಿಯುವ ಸಮಯ, 30 ನಿಮಿಷವಿತ್ತು. ಒಂದು ಗಂಟೆ ಕಳೆದರೂ ಸೆಷನ್ ಮುಗಿಯಲಿಲ್ಲ. ಪ್ರತಿ ನಿಮಿಷ ಸೆಷನ್ನಿನ ಕೊನೆಯ ಬಳಕೆಯ ಸಮಯವನ್ನು ಲಾಗ್‌ಗೆ ಬರೆಸಿದಾಗ ಅದು ಗಡಿಯಾರದ ಜೊತೆಜೊತೆಗೇ ಮುಂದೆ ಸಾಗುತ್ತಿರುವುದು ಕಂಡಿತು. ಯಾರೂ ಮುಟ್ಟದ ಪುಟವನ್ನು ಯಾರೋ 20 ಸೆಕೆಂಡಿಗೊಮ್ಮೆ ಮುಟ್ಟುತ್ತಿದ್ದರು. ಅದು ಪರದೆಯ ಬಲಗಡೆಯಲ್ಲಿದ್ದ ಚೇಂಬರ್‌ಗಳ ಪಟ್ಟಿ. ಹೊಸ ಅಂಕಿಗಳಿಗಾಗಿ ಅದು 20 ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತಿತ್ತು. ಖಾಲಿ ಜಾಗವನ್ನು ತೋರಿಸಲೆಂದು ಇಟ್ಟ ಪಟ್ಟಿಯೇ ಜಾಗ ಖಾಲಿಯಾಗದಂತೆ ತಡೆದಿತ್ತು.

ಇಲ್ಲಿ ಟಾಮ್‌ಕ್ಯಾಟಿನ ಒಂದು ನಡವಳಿಕೆಯನ್ನು ಗಮನಿಸಬೇಕು. ವಿನಂತಿಯ ಜೊತೆ ಸೆಷನ್ ಕುಕೀ ಬಂದ ಮಾತ್ರಕ್ಕೆ ಅದು ಸೆಷನ್ನಿನ ಆಯುಷ್ಯವನ್ನು ಹೆಚ್ಚಿಸುವುದಿಲ್ಲ; ಬೇರೆ ಸೆಟ್ಟಿಂಗ್ ಮಾಡದಿದ್ದರೆ, ಕೋಡು ಗೆಟ್‌ಸೆಷನ್ ಎಂದು ಕರೆದಾಗ ಮಾತ್ರ ಹೆಚ್ಚಿಸುತ್ತದೆ. ಹೊಸ ಸೆಷನ್ ಬೇಡವೆಂದು ಫಾಲ್ಸ್ ಕೊಟ್ಟು ಕರೆದರೂ, ಹಳೆಯದು ಸಿಕ್ಕರೆ ಅದನ್ನು ಬಳಸಿದಂತೆಯೇ ಲೆಕ್ಕ. ಲಾಗಿನ್ ಆಗಿದ್ದಾರೆಯೇ ಎಂದು ನೋಡುವ ನಮ್ಮ ಲಾಗಿನ್ ಫಿಲ್ಟರ್ ಪ್ರತಿಯೊಂದು ವಿನಂತಿಗೂ ಹೀಗೆ ಕರೆಯುತ್ತಿತ್ತು. ಪಟ್ಟಿಯ ವಿಳಾಸವನ್ನು ಆ ಫಿಲ್ಟರಿನಿಂದ ಹೊರಗಿಟ್ಟು, ಅದು ಆಫೀಸಿನ ಒಳ ನೆಟ್‌ವರ್ಕಿಗೆ ಮಾತ್ರ ಉತ್ತರಿಸುವಂತೆ ಮಾಡಿದೆ. ಅಲ್ಲಿ ಯಾವ ರೈತರ ಹೆಸರೂ ಇಲ್ಲ, ನಾಲ್ಕು ಚೇಂಬರಿನ ನಾಲ್ಕು ಅಂಕಿಗಳಷ್ಟೇ ಇರುವುದರಿಂದ ಮ್ಯಾನೇಜರೂ ಒಪ್ಪಿದರು.

ಇದೇ ಜಾಡಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಸೆಷನ್‌ಕ್ರಿಯೇಟೆಡ್ ಮತ್ತು ಸೆಷನ್‌ಡಿಸ್ಟ್ರಾಯ್ಡ್ ವಿಧಾನಗಳಿಂದ ಜೀವಂತ ಸೆಷನ್‌ಗಳ ಎಣಿಕೆ ಮಾಡಿದಾಗ, ಇಬ್ಬರೇ ಕುಳಿತಿದ್ದ ಆಫೀಸಿನಲ್ಲಿ 30ಕ್ಕೂ ಹೆಚ್ಚು ಸೆಷನ್‌ಗಳಿದ್ದವು. ಸರ್ವರ್ ಬದುಕಿದೆಯೇ ಎಂದು ನೋಡಲು ನಾನೇ ಹಿಂದೊಮ್ಮೆ ಇಟ್ಟಿದ್ದ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಒಂದು ಜೆಎಸ್‌ಪಿ ಪುಟವನ್ನು ತೆರೆಯುತ್ತಿತ್ತು. ಬೇಡವೆಂದು ಹೇಳದಿದ್ದರೆ ಜೆಎಸ್‌ಪಿ ಪುಟ ಸೆಷನ್ ಸೃಷ್ಟಿಸಿಯೇ ತೀರುತ್ತದೆ. ನಿಮಿಷಕ್ಕೊಂದರಂತೆ ಹುಟ್ಟಿ 30 ನಿಮಿಷ ಬದುಕಿದರೆ ಆ ಲೆಕ್ಕ ತಾನೇ ಹೊಂದುತ್ತದೆ. ಪುಟದ ಮೊದಲ ಸಾಲಿನ ಪೇಜ್ ನಿರ್ದೇಶನದಲ್ಲಿ ಸೆಷನ್ ಬೇಡವೆಂದು ಬರೆದ ಮೇಲೆ ಎಣಿಕೆ ಎರಡಕ್ಕೆ ಇಳಿಯಿತು.

ಅನಂತರ ಅವಧಿಯನ್ನು 2 ನಿಮಿಷಕ್ಕೆ ಇಳಿಸಿ, ಗಡಿಯಾರವನ್ನು ಮುಂದಿಟ್ಟುಕೊಂಡು ಕುಳಿತೆ. ಒಮ್ಮೆ 2 ನಿಮಿಷ 15 ಸೆಕೆಂಡಿಗೆ, ಇನ್ನೊಮ್ಮೆ 2 ನಿಮಿಷ 50 ಸೆಕೆಂಡಿಗೆ ಸುದ್ದಿ ಬಂತು. ಟಾಮ್‌ಕ್ಯಾಟ್ ಪ್ರತಿ ಸೆಷನ್ನಿಗೂ ಒಂದು ಗಡಿಯಾರವನ್ನು ಇಟ್ಟಿರುವುದಿಲ್ಲ. ಅದರ ಹಿನ್ನೆಲೆಯ ಕೆಲಸ 10 ಸೆಕೆಂಡಿಗೊಮ್ಮೆ ಏಳುತ್ತದೆ, ಆರು ಸಲ ಎದ್ದಾಗ ಒಮ್ಮೆ ಅವಧಿ ಮೀರಿದ ಸೆಷನ್‌ಗಳನ್ನು ಹುಡುಕುತ್ತದೆ. ಹೀಗಾಗಿ ಸುಮಾರು ಒಂದು ನಿಮಿಷದ ತನಕ ತಡವಾಗುವುದು ಸಹಜ. ಗೇಟಿನಲ್ಲಿ ನಿಂತ ಟ್ರ್ಯಾಕ್ಟರಿಗೆ ಒಂದು ನಿಮಿಷ ದೊಡ್ಡದಲ್ಲವಾದ್ದರಿಂದ ಆ ಅಂಕಿಗಳನ್ನು ನಾನು ಮುಟ್ಟಲಿಲ್ಲ.

ತಡಕ್ಕಿಂತ ಮುಖ್ಯವಾದದ್ದು, ಆ ಸುದ್ದಿ ಯಾವ ಥ್ರೆಡ್ಡಿನಲ್ಲಿ (ಸರ್ವರಿನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳಲ್ಲಿ ಯಾವುದರಲ್ಲಿ) ಬರುತ್ತದೆ ಎಂಬುದು. ಲಾಗ್‌ಔಟ್ ಒತ್ತಿದಾಗ ಲಿಸನರ್ ಓಡುವುದು ಆ ವಿನಂತಿಯ ಥ್ರೆಡ್ಡಿನಲ್ಲಿ. ಅವಧಿ ಮೀರಿದಾಗ ಓಡುವುದು ಕ್ಯಾಟಲಿನಾ ಯುಟಿಲಿಟಿ ಎಂಬ ಹೆಸರಿನ ಹಿನ್ನೆಲೆ ಥ್ರೆಡ್ಡಿನಲ್ಲಿ. ಅಲ್ಲಿ ವಿನಂತಿಯೂ ಇಲ್ಲ, ಲಾಗಿನ್ ಆದವರೂ ಇಲ್ಲ. ನಮ್ಮ ಘಟಕ ಬಿಡುಗಡೆಯ ದಾಖಲೆಯಲ್ಲಿ ಗುಮಾಸ್ತರ ಹೆಸರು ಬರೆಯಲು, ಫಿಲ್ಟರ್ ತುಂಬಿಸಿಟ್ಟ ಥ್ರೆಡ್‌ಲೋಕಲ್ ಒಂದನ್ನು, ಅಂದರೆ ಆ ಥ್ರೆಡ್ಡಿಗೆ ಮಾತ್ರ ಸೇರಿದ ಚರವನ್ನು, ನೋಡುತ್ತಿತ್ತು. ಅದು ಖಾಲಿಯಾಗಿದ್ದುದರಿಂದ ನಲ್‌ಪಾಯಿಂಟರ್ ಎಕ್ಸೆಪ್ಶನ್ ಎಂಬ ದೋಷ ಬಂತು, ಟಾಮ್‌ಕ್ಯಾಟ್ ಅದನ್ನು ಲಾಗ್‌ನಲ್ಲಿ ಬರೆದು ತನ್ನ ಪಾಡಿಗೆ ಸೆಷನ್ನನ್ನು ಮುಗಿಸಿತು, ಹೋಲ್ಡ್ ಮಾತ್ರ ಹಾಗೆಯೇ ಉಳಿಯಿತು. ಲಾಗ್‌ಔಟ್ ಮಾಡಿ ನೋಡಿದಾಗ ಸರಿ, ಬಿಟ್ಟು ಹೋದಾಗ ತಪ್ಪು ಎಂಬ ದೋಷಗಳು ನಿಮ್ಮಲ್ಲಿದ್ದರೆ ಮೊದಲು ಇಲ್ಲಿಯೇ ಹುಡುಕಿ. ಹೆಸರು, ಕೌಂಟರ್ ಸಂಖ್ಯೆ ಎಲ್ಲವನ್ನೂ ಹೋಲ್ಡ್ ಮಾಡುವಾಗಲೇ ಅದರೊಳಗೆ ಬರೆದಿಟ್ಟೆ. ಮ್ಯಾನೇಜರಿಗೆ ಎಸ್‌ಎಂಎಸ್ ಕಳುಹಿಸುವ ಕೆಲಸವನ್ನು ಲಿಸನರಿನಿಂದ ತೆಗೆದು ಬೇರೆ ಸರತಿಗೆ ಹಾಕಿದೆ, ಏಕೆಂದರೆ ಹಿನ್ನೆಲೆಯ ಥ್ರೆಡ್ ಸೆಷನ್‌ಗಳನ್ನು ಒಂದಾದ ಮೇಲೊಂದರಂತೆ ಮುಗಿಸುತ್ತದೆ. ಒಂದು ಎಸ್‌ಎಂಎಸ್ ತಡವಾದರೆ ಉಳಿದವೆಲ್ಲ ಅದರ ಹಿಂದೆ ನಿಲ್ಲುತ್ತವೆ.

ಇಷ್ಟರ ಮೇಲೂ ದಿನಕ್ಕೆ ಒಂದೆರಡು ಹೋಲ್ಡ್ ಉಳಿಯುತ್ತಿದ್ದವು. ಅವೆಲ್ಲ 500ಕ್ಕಿಂತ ಹೆಚ್ಚು ಬಾಕ್ಸ್‌ಗಳವು. ಅಷ್ಟು ದೊಡ್ಡ ಆವಕಕ್ಕೆ ಮ್ಯಾನೇಜರು ಗುಮಾಸ್ತರ ಪರದೆಯಲ್ಲೇ ತಮ್ಮ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ನೀಡಬೇಕು, ಮತ್ತು ಆಗ ಭದ್ರತೆಗಾಗಿ ನಮ್ಮ ಕೋಡು ಸೆಷನ್ನಿನ ಐಡಿಯನ್ನು ಬದಲಿಸುತ್ತದೆ. ಸೆಷನ್ ಅದೇ, ಐಡಿ ಹೊಸದು. ಮ್ಯಾಪಿನಲ್ಲಿ ಹಳೆಯ ಐಡಿ ಕುಳಿತಿತ್ತು, ಮುಗಿಯುವ ಸುದ್ದಿ ಹೊಸ ಐಡಿಯೊಂದಿಗೆ ಬರುತ್ತಿತ್ತು. ಸರ್ವ್ಲೆಟ್ 3.1ರಲ್ಲಿ ಇದಕ್ಕೆಂದೇ ಎಚ್‌ಟಿಟಿಪಿ‌ಸೆಷನ್‌ಐಡಿ‌ಲಿಸನರ್ ಬಂದಿದೆ. ಅದು ಹಳೆಯ ಐಡಿಯನ್ನೂ ತಿಳಿಸುತ್ತದೆ. ಆದರೆ ಅದನ್ನು ಜೋಡಿಸಲು ಹೊರಟಾಗ ನನಗೆ ಅನ್ನಿಸಿದ್ದು, ಹೋಲ್ಡಿಗೆ ತನ್ನದೇ ಗುರುತಿರಬೇಕೇ ಹೊರತು ಸೆಷನ್ನಿನ ಹೆಸರನ್ನು ಅದು ಹೊತ್ತು ತಿರುಗಬಾರದು ಎಂದು. ಅಲ್ಲಿಂದ ವಿನ್ಯಾಸವನ್ನೇ ತಿರುಗಿಸಿದೆ.

ಹೊಸ ವಿನ್ಯಾಸದಲ್ಲಿ ಹೋಲ್ಡ್ ಒಂದು ಆಬ್ಜೆಕ್ಟ್. ಅದಕ್ಕೆ ತನ್ನದೇ ಯುಯುಐಡಿ (ಬೇರಾವುದಕ್ಕೂ ಇರದ ಗುರುತು) ಇದೆ, ಮತ್ತು ಅದು ಎಚ್‌ಟಿಟಿಪಿ‌ಸೆಷನ್‌ಬೈಂಡಿಂಗ್‌ಲಿಸನರ್ ಎಂಬ ಇಂಟರ್‌ಫೇಸನ್ನು ಪಾಲಿಸುತ್ತದೆ. ಇದನ್ನು ಎಲ್ಲಿಯೂ ಘೋಷಿಸಬೇಕಾಗಿಲ್ಲ. ಆಬ್ಜೆಕ್ಟನ್ನು ಸೆಷನ್ನಿನ ಅಟ್ರಿಬ್ಯೂಟ್ ಆಗಿ ಇಟ್ಟಾಗ ವ್ಯಾಲ್ಯೂಬೌಂಡ್, ಅದು ಹೊರಬಂದಾಗ ವ್ಯಾಲ್ಯೂಅನ್‌ಬೌಂಡ್ ಎಂದು ಕಂಟೇನರ್ ಅದನ್ನೇ ನೇರವಾಗಿ ಕರೆಯುತ್ತದೆ. ನಾವು ತೆಗೆದರೂ ಸರಿ, ಬೇರೊಂದನ್ನು ಅದರ ಜಾಗದಲ್ಲಿಟ್ಟರೂ ಸರಿ, ಲಾಗ್‌ಔಟ್ ಆದರೂ, ಅವಧಿ ಮೀರಿದರೂ ಸುದ್ದಿ ಒಂದೇ ಬಾಗಿಲಿಗೆ ಬರುತ್ತದೆ. ಸೆಷನ್ನಿನ ಐಡಿ ಬದಲಾದರೆ ಈ ಆಬ್ಜೆಕ್ಟಿಗೆ ಅದರ ಪರಿವೆಯೇ ಇಲ್ಲ. ಒಂದೇ ಸೆಷನ್ನಿನಲ್ಲಿ ಎರಡು ಟ್ಯಾಬ್ ತೆರೆಯುವ ರೂಢಿ ನಮ್ಮ ಗುಮಾಸ್ತರಿಗೆ ಇರುವುದರಿಂದ ಅಟ್ರಿಬ್ಯೂಟಿನ ಹೆಸರಿಗೆ ಫಾರ್ಮ್ ಸಂಖ್ಯೆಯನ್ನೂ ಸೇರಿಸಿದೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ವಿವರವಾಗಿ ಬರೆಯಬೇಕು. ಮೊದಲ ಸಲ ಜಾಗ ಹಿಡಿಯುವ ಕೆಲಸವನ್ನೇ ವ್ಯಾಲ್ಯೂಬೌಂಡ್ ಒಳಗೆ ಇಟ್ಟಿದ್ದೆ. ಎರಡನೆಯ ಚೇಂಬರಿನಲ್ಲಿ 240 ಬಾಕ್ಸ್‌ಗಳ ಜಾಗವಿತ್ತು. ಗುಮಾಸ್ತರು 200 ಹೋಲ್ಡ್ ಮಾಡಿದರು, ಉಳಿದದ್ದು 40. ಟ್ರ್ಯಾಕ್ಟರಿನಲ್ಲಿ ಎಣಿಸಿದಾಗ 210 ಇದ್ದವು. ಅವರು ಸಂಖ್ಯೆ ತಿದ್ದಿದಾಗ ಕೋಡು 210ರ ಹೊಸ ಆಬ್ಜೆಕ್ಟನ್ನು ಹಳೆಯದರ ಹೆಸರಿನಲ್ಲೇ ಇಟ್ಟಿತು. ಟಾಮ್‌ಕ್ಯಾಟ್ ಮೊದಲು ಹೊಸದರ ವ್ಯಾಲ್ಯೂಬೌಂಡನ್ನು ಕರೆಯುತ್ತದೆ, ಅನಂತರವೇ ಹಳೆಯದರ ವ್ಯಾಲ್ಯೂಅನ್‌ಬೌಂಡನ್ನು. ಆ ಕ್ಷಣದಲ್ಲಿ ಉಳಿದಿದ್ದ 40ರಲ್ಲಿ 210 ಹಿಡಿಸಲಿಲ್ಲ, ನನ್ನ ಕೋಡು ಎಕ್ಸೆಪ್ಶನ್ ಎಸೆಯಿತು. ಟಾಮ್‌ಕ್ಯಾಟ್ ಅದನ್ನೂ ಲಾಗ್‌ಗೆ ಬರೆದು ನುಂಗಿಕೊಂಡಿತು, ಹೊಸ ಆಬ್ಜೆಕ್ಟನ್ನು ಸೆಷನ್ನಿನಲ್ಲಿ ಇಟ್ಟಿತು, ಹಳೆಯದನ್ನು ಬಿಡಿಸಿತು. ಕೊನೆಗೆ ಗುಮಾಸ್ತರ ಪರದೆ 210 ಹೋಲ್ಡ್ ಆಗಿದೆ ಎನ್ನುತ್ತಿತ್ತು, ಲೆಕ್ಕದಲ್ಲಿ ಸೊನ್ನೆ. ಪಕ್ಕದ ಕೌಂಟರಿನವರು ಅದೇ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟರು. ಆ ದಿನ 60 ಬಾಕ್ಸ್‌ಗಳನ್ನು ಹಮಾಲರು ಮತ್ತೆ ಹೊರಗೆ ಹೊತ್ತು ನಾಲ್ಕನೆಯ ಚೇಂಬರಿಗೆ ಸಾಗಿಸಬೇಕಾಯಿತು, ಮತ್ತು ಆ ಶ್ರಮಕ್ಕೆ ನನ್ನ ಕೋಡೇ ಕಾರಣವಾಗಿತ್ತು. ಸುದ್ದಿ ತಲುಪಿಸುವ ವಿಧಾನದೊಳಗೆ ಬೇಡ ಎನ್ನುವ ಅಧಿಕಾರವನ್ನು ಇಡಲು ಬರುವುದಿಲ್ಲ. ಈಗ ಜಾಗ ಹಿಡಿಯುವುದೂ ಸಂಖ್ಯೆ ತಿದ್ದುವುದೂ ಘಟಕದ ಕೆಲಸ. ಹೋಲ್ಡ್‌ಗಳ ಲೆಕ್ಕವೂ ಮೆಮೊರಿಯ ಮ್ಯಾಪಿನಿಂದ ಡೇಟಾಬೇಸಿಗೆ ಬಂದಿದೆ. ಡೇಟಾಬೇಸಿನ ಒಂದೇ ಟ್ರ್ಯಾನ್ಸ್ಯಾಕ್ಷನ್ನಿನಲ್ಲಿ ಚೇಂಬರಿನ ಸಾಲನ್ನು ಲಾಕ್ ಮಾಡಿ ಅದು ಹೌದು ಅಥವಾ ಇಲ್ಲ ಎನ್ನುತ್ತದೆ. ಹೌದಾದರೆ ಮಾತ್ರ ಆಬ್ಜೆಕ್ಟ್ ಸೆಷನ್ನಿಗೆ ಹೋಗುತ್ತದೆ. ವ್ಯಾಲ್ಯೂಬೌಂಡ್ ಖಾಲಿಯಿದೆ.

ವ್ಯಾಲ್ಯೂಅನ್‌ಬೌಂಡ್ ಮಾಡುವುದು ಒಂದೇ ಕೆಲಸ: ತನ್ನ ಯುಯುಐಡಿಯ ಸಾಲು ಇನ್ನೂ "ಹೋಲ್ಡ್" ಸ್ಥಿತಿಯಲ್ಲಿದ್ದರೆ ಅಳಿಸು ಎಂದು ಘಟಕಕ್ಕೆ ಹೇಳುವುದು. ಫಾರ್ಮ್ ಸೇವ್ ಆದಾಗ ಸಾಲು ಮೊದಲು "ಜಮಾ" ಸ್ಥಿತಿಗೆ ಹೋಗಿ ಆಮೇಲೆ ಅಟ್ರಿಬ್ಯೂಟ್ ತೆಗೆಯಲಾಗುವುದರಿಂದ, ಈ ಷರತ್ತು ಇಲ್ಲದಿದ್ದರೆ ಜಮಾ ಆದ ಮಾಲೇ ಲೆಕ್ಕದಿಂದ ಅಳಿದುಹೋಗುತ್ತಿತ್ತು. ಇನ್ನೊಂದು ಎಚ್ಚರವೂ ಬೇಕು. ಅವಧಿ ಮೀರಿ ಸೆಷನ್ ಮುಗಿಯುವಾಗ ಟಾಮ್‌ಕ್ಯಾಟ್ ಸೆಷನ್ನನ್ನು ಅಮಾನ್ಯಗೊಳಿಸಿದ ನಂತರ ಈ ವಿಧಾನವನ್ನು ಕರೆಯುತ್ತದೆ. ಆಗ ಬೇರೆ ಅಟ್ರಿಬ್ಯೂಟನ್ನು ಕೇಳಿದರೆ ಇಲ್ಲೀಗಲ್‌ಸ್ಟೇಟ್ ಎಕ್ಸೆಪ್ಶನ್ ಬರುತ್ತದೆ. ಬೇಕಾದುದೆಲ್ಲ ಆಬ್ಜೆಕ್ಟಿನೊಳಗೇ ಇರಬೇಕು.

ರೀಸ್ಟಾರ್ಟಿನ ವಿಷಯ ಉಳಿದಿತ್ತು. ಟಾಮ್‌ಕ್ಯಾಟ್ 9 ಸರಿಯಾಗಿ ನಿಲ್ಲುವಾಗ ಸೆಷನ್‌ಗಳನ್ನು ಒಂದು ಫೈಲಿಗೆ ಬರೆದಿಟ್ಟು, ಎದ್ದಾಗ ಮರಳಿ ಓದುತ್ತದೆ. ಹಾಗೆ ಮರಳಿದ ಸೆಷನ್ನಿಗೆ ಸೆಷನ್‌ಕ್ರಿಯೇಟೆಡ್ ಕರೆ ಬರುವುದಿಲ್ಲ, ಅದರೊಳಗಿನ ಆಬ್ಜೆಕ್ಟಿಗೆ ವ್ಯಾಲ್ಯೂಬೌಂಡ್ ಕೂಡ ಬರುವುದಿಲ್ಲ. ಬೆಳಿಗ್ಗೆ ರೀಸ್ಟಾರ್ಟ್ ಮಾಡುತ್ತಿದ್ದಾಗ ಆಗುತ್ತಿದ್ದುದು ಇದೇ: ಮ್ಯಾಪ್ ಖಾಲಿ, ಸೆಷನ್ ಮಾತ್ರ ತನ್ನ ಬಳಿ ಜಾಗವಿದೆ ಎಂದು ನಂಬಿರುತ್ತಿತ್ತು. ಸೆಷನ್ ಮರಳಿದ್ದನ್ನು ತಿಳಿಸುವ ಎಚ್‌ಟಿಟಿಪಿ‌ಸೆಷನ್‌ಆ್ಯಕ್ಟಿವೇಶನ್‌ಲಿಸನರ್ ಬಳಸಿ ಇದನ್ನು ಸರಿಪಡಿಸಬಹುದು. ಇಬ್ಬರು ಗುಮಾಸ್ತರು ಮತ್ತೊಮ್ಮೆ ಲಾಗಿನ್ ಆಗುವುದು ಅದಕ್ಕಿಂತ ಸುಲಭವೆಂದು ನಾನು ಆ ಉಳಿಸುವಿಕೆಯನ್ನೇ ಕಾಂಟೆಕ್ಸ್ಟಿನ ಮ್ಯಾನೇಜರ್ ಸೆಟ್ಟಿಂಗಿನಲ್ಲಿ ಫೈಲಿನ ಹೆಸರನ್ನು ಖಾಲಿ ಬಿಟ್ಟು ನಿಲ್ಲಿಸಿದೆ. ಈಗ ಟಾಮ್‌ಕ್ಯಾಟ್ ನಿಲ್ಲುವಾಗ ಸೆಷನ್‌ಗಳೆಲ್ಲ ಮುಗಿಯುತ್ತವೆ, ಹೋಲ್ಡ್‌ಗಳಿಗೆ ಸುದ್ದಿ ಹೋಗುತ್ತದೆ. ಘಟಕವನ್ನು ಮುಚ್ಚುವ ಕಾಂಟೆಕ್ಸ್ಟ್ ಲಿಸನರಿನ ಸರದಿ ಅದರ ನಂತರ ಬರುವುದರಿಂದ ಬಿಡುಗಡೆಗೆ ಡೇಟಾಬೇಸ್ ಕನೆಕ್ಷನ್ ಇನ್ನೂ ಇರುತ್ತದೆ.

ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೆ ಯಾವ ಲಿಸನರೂ ಓಡುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಇದು ಅಪರೂಪವಲ್ಲ. ಆದ್ದರಿಂದ ಹೋಲ್ಡಿನ ಪ್ರತಿ ಸಾಲಿಗೂ ಮುಗಿಯುವ ಸಮಯವನ್ನು ಸೇರಿಸಿದೆ. ತೂಕದ ಒಂದೊಂದು ನಮೂದು ಬಂದಾಗಲೂ ಅದು ಆ ಕ್ಷಣದಿಂದ 20 ನಿಮಿಷ ಮುಂದಕ್ಕೆ ಹೋಗುತ್ತದೆ. ಸಮಯ ಮೀರಿದ ಸಾಲುಗಳನ್ನು ಖಾಲಿ ಜಾಗದ ಲೆಕ್ಕ ಪರಿಗಣಿಸುವುದಿಲ್ಲ, ನಿಮಿಷಕ್ಕೊಮ್ಮೆ ಓಡುವ ಕೆಲಸವೊಂದು ಅವನ್ನು ಗುಡಿಸಿ ಹಾಕುತ್ತದೆ. ಸೆಷನ್ನಿನ ಅವಧಿಯನ್ನು 15 ನಿಮಿಷಕ್ಕೆ ಇಳಿಸಿದೆ, ಹೀಗಾಗಿ ಎಲ್ಲವೂ ಸರಿಯಿದ್ದ ದಿನ ಲಿಸನರೇ ಮೊದಲು ಬಿಡಿಸುತ್ತದೆ.

ಏಪ್ರಿಲ್ ಮೊದಲ ವಾರ, ಮ್ಯಾನೇಜರ ಒಪ್ಪಿಗೆ ಪಡೆದು, ಸಂಜೆ 5 ಗಂಟೆಗೆ ಸರ್ವರಿನ ಪ್ಲಗ್ಗನ್ನು ಕಿತ್ತೆ. ಆಗ ಮೂರು ಹೋಲ್ಡ್ ಇದ್ದವು; ಕೊನೆಯ ತೂಕದ ನಮೂದುಗಳು 4:51, 4:57 ಮತ್ತು 4:58ರವು. 5:07ಕ್ಕೆ ಸರ್ವರ್ ಎದ್ದಾಗ ಸೆಷನ್ ಒಂದೂ ಇರಲಿಲ್ಲ, ಟೇಬಲಿನಲ್ಲಿ ಮೂರೂ ಸಾಲು ಇದ್ದವು. ಒಬ್ಬ ಗುಮಾಸ್ತರು ಲಾಗಿನ್ ಆಗಿ 4:58ರ ಫಾರ್ಮನ್ನು ಅದರ ಸಂಖ್ಯೆಯಿಂದ ತೆರೆದರು; ಅದೇ ಯುಯುಐಡಿಯ ಹೊಸ ಆಬ್ಜೆಕ್ಟ್ ಅವರ ಹೊಸ ಸೆಷನ್ನಿಗೆ ಸೇರಿಕೊಂಡಿತು, ತೂಕ ಮುಂದುವರಿಯಿತು. ಉಳಿದ ಎರಡನ್ನು ಯಾರೂ ಮುಟ್ಟಲಿಲ್ಲ. 5:11ಕ್ಕೆ ಒಂದು, 5:17ಕ್ಕೆ ಇನ್ನೊಂದು ಲೆಕ್ಕದಿಂದ ಬಿಟ್ಟವು. ಚೇಂಬರಿನ ಬಾಗಿಲಲ್ಲಿ ನಿಂತು ಹಮಾಲರ ಮುಖ್ಯಸ್ಥರು ಎಣಿಸಿ ಹೇಳಿದ ಖಾಲಿ ರ‍್ಯಾಕ್‌ಗಳ ಸಂಖ್ಯೆಯೂ ಪರದೆಯ ಸಂಖ್ಯೆಯೂ ಒಂದೇ ಆಗಿದ್ದವು.